ಬುಲೆಟ್ಟಿನ ಗಂಟಲು ಸವೆದಾಗ

ಬಾಗಲಕೋಟೆಯಿಂದ ಹೊರಟ ಹಳೆಯ ಬುಲೆಟ್ ಕಮತಗಿಯವರೆಗೆ ಯಾವ ತಕರಾರೂ ಇಲ್ಲದೆ ಗುಡುಗುಡು ಬರುತ್ತದೆ. ಊರೊಳಗೆ ಬಂದು ಎಕ್ಸಲೇಟರ್ ಬಿಟ್ಟರೆ ಸಾಕು, ಸದ್ದು ಏರಿಳಿಯುತ್ತದೆ, ಎರಡು ಸಲ ಕೆಮ್ಮುತ್ತದೆ, ನಿಂತುಬಿಡುತ್ತದೆ. ಕಿಕ್ ಹೊಡೆದರೆ ಮತ್ತೆ ಚಾಲೂ. ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಧಾನಿಸಿದರೆ ಅಲ್ಲೂ ಅದೇ ಕತೆ. "ರೇಸ್ ಬಿಟ್ಟ ಕೂಡ್ಲೆ ಬಂದ್ ಬೀಳತೈತ್ರಿ" ಎಂದರೆ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ ಕೂಡಿಸುತ್ತಾನೆ. ಎರಡು ದಿನ ಸರಿ. ಮೂರನೆಯ ದಿನ ಮತ್ತೆ ಗ್ಯಾರೇಜಿನ ಬಾಗಿಲು. ಕೊನೆಗೆ ಅವನೇ ಹೇಳುತ್ತಾನೆ: "ಎಷ್ಟ್ ತೊಳದ್ರೂ ಅಷ್ಟರಿ ಸರ. ಇದು ಸವದೈತಿ, ಬದಲಿ ಮಾಡ್ಬೇಕು."

ಸವೆದ ಕಾರ್ಬುರೇಟರ್ ರಸ್ತೆಯಲ್ಲಿ ಸುಮ್ಮನಿದ್ದು ನಿಧಾನಿಸಿದಾಗ ಮಾತ್ರ ಕೈಕೊಡುವುದೇಕೆ?

ಬುಲೆಟ್ ಮೂಲತಃ ಇಂಗ್ಲೆಂಡಿನ ರೆಡ್ಡಿಚ್ ಊರಿನದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಇಂಗ್ಲೆಂಡಿನಲ್ಲಿ ತಯಾರಿಕೆ ನಿಂತಮೇಲೂ ಮದ್ರಾಸಿನಲ್ಲಿ ಅದೇ 70 ಮಿ.ಮೀ. ವ್ಯಾಸ, 90 ಮಿ.ಮೀ. ಓಟದ ಎಂಜಿನ್ ದಶಕಗಟ್ಟಲೆ ಬಂತು. ಹಳೆಯ ಗಾಡಿಗಳ ಮೇಲೆ ಬ್ರಿಟಿಷ್ ಅಮಲ್ ಮಾದರಿಯ ಕಾರ್ಬುರೇಟರ್ ಇರುತ್ತಿತ್ತು. ಆಮೇಲಿನವುಗಳಿಗೆ ಜಪಾನಿನ ಮಿಕುನಿ ವಿನ್ಯಾಸದ್ದು ಬಂತು. ಎರಡರ ಕೆಲಸವೂ ಒಂದೇ: ಗಾಳಿಗೆ ಪೆಟ್ರೋಲನ್ನು ಅಳೆದು ಹಾಕುವುದು.

ಅಳತೆ ಎಷ್ಟು? ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಹಗುರವಾದ್ದರಿಂದ ಲೀಟರಿನಲ್ಲಿ ನೋಡಿದರೆ ಲೆಕ್ಕ ಬೆರಗು ಹುಟ್ಟಿಸುತ್ತದೆ. ಒಂದು ಲೀಟರ್ ಪೆಟ್ರೋಲು ಸುಡಲು ಹತ್ತಿರಹತ್ತಿರ 9,000 ಲೀಟರ್ ಗಾಳಿ ಬೇಕು. ಇಷ್ಟನ್ನೂ ಅಳೆಯುವ ಈ ಸಾಧನಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಪಿಸ್ಟನ್ ಕೆಳಗಿಳಿದಾಗ ಗಾಳಿ ಒಳಗೆ ನುಗ್ಗುತ್ತದೆ. ದಾರಿಯಲ್ಲಿ ಇಕ್ಕಟ್ಟಾದ ಗಂಟಲೊಂದನ್ನು ದಾಟುವಾಗ ಅದರ ವೇಗ ಹೆಚ್ಚಿ, ಒತ್ತಡ ತಗ್ಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ವಾತಾವರಣದ ಪೂರ್ತಿ ಒತ್ತಡವಿದೆ. ಆ ಒತ್ತಡವೇ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ತೂತಿನಿಂದ ಮೇಲಕ್ಕೆ ದೂಡಿ ಗಾಳಿಗೆ ಬೆರೆಸುತ್ತದೆ. ಎಂಜಿನ್ ಪೆಟ್ರೋಲು ಹೀರುತ್ತದೆ ಎನ್ನುವುದು ಮಾತಿನ ರೂಢಿ. ನಿಜದಲ್ಲಿ ದೂಡುವುದು ನಮ್ಮ ತಲೆಯ ಮೇಲಿನ ಗಾಳಿಯೇ.

ಈ ಗಂಟಲನ್ನು ಹಿಗ್ಗಿಸಿ ಕುಗ್ಗಿಸಲು ಒಳಗೆ ಒಂದು ಸ್ಲೈಡ್ ಇದೆ. ಚಿಕ್ಕ ಲೋಟದಂಥ ಕೊಳವೆ. ಎಕ್ಸಲೇಟರ್ ತಿರುವಿದರೆ ಕೇಬಲ್ ಅದನ್ನು ಮೇಲೆತ್ತುತ್ತದೆ, ಬಿಟ್ಟರೆ ಸ್ಪ್ರಿಂಗು ಕೆಳಗೆ ತಳ್ಳುತ್ತದೆ. ಇಳಕಲ್, ಕಮತಗಿ ಕಡೆಯ ಮಗ್ಗಗಳಲ್ಲಿ ಲಾಳಿ ಅಡ್ಡಡ್ಡ ಓಡಾಡುವಂತೆ ಇದು ಮೇಲೆ ಕೆಳಗೆ ಓಡಾಡುತ್ತದೆ. ಓಡಾಡುವುದಷ್ಟೇ ಆಗಿದ್ದರೆ ಬೇಗ ಸವೆಯುತ್ತಿರಲಿಲ್ಲ, ಅದು ನಡುಗುತ್ತಲೂ ಇರುತ್ತದೆ. ನಿಮಿಷಕ್ಕೆ 2,400 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ ಸೆಕೆಂಡಿಗೆ 20 ಸಲ ಗಾಳಿ ಎಳೆಯುತ್ತದೆ. ಪ್ರತಿ ಸಲವೂ ಸ್ಲೈಡ್ ಎಂಜಿನ್ ಕಡೆಯ ಗೋಡೆಗೆ ಒತ್ತಿಕೊಂಡು ಹಿಂದೆ ಸರಿಯುತ್ತದೆ. ಗಂಟೆಗೆ 72,000 ಪೆಟ್ಟು. ಹಳೆಯ ಅಮಲ್‌ಗಳಲ್ಲಿ ಸ್ಲೈಡೂ ಹೊರಮೈಯೂ ಒಂದೇ ಸತುವಿನ ಮಿಶ್ರಲೋಹ. ಒಂದೇ ಬಗೆಯ ಮೆದು ಲೋಹಗಳು ಉಜ್ಜಿಕೊಂಡರೆ ಒಂದರ ಕಣ ಇನ್ನೊಂದಕ್ಕೆ ಅಂಟಿ ಕಿತ್ತುಬರುತ್ತದೆ.

ಇದರ ಜೊತೆಗೆ ನಮ್ಮ ಸೀಮೆಯ ಧೂಳು. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲೂ ಬಾದಾಮಿಯ ಮರಳುಗಲ್ಲಿನಲ್ಲೂ ಬೆಣಚಿನ ಕಣಗಳಿವೆ. ಖನಿಜಗಳ ಗಡಸುತನ ಹೇಳುವ ಮೋಸ್ ಪಟ್ಟಿಯಲ್ಲಿ ಬೆಣಚಿಗೆ 7, ಸತುವಿಗೆ ಬರೀ 2.5. ಗಾಳಿ ಸೋಸುವ ಫಿಲ್ಟರ್ ಹರಿದಿದ್ದರೆ, ಅಥವಾ ಸದ್ದು ಚೆಂದವಾಗಲಿ ಎಂದು ಬಿಚ್ಚಿಟ್ಟಿದ್ದರೆ, ರಸ್ತೆಯ ಧೂಳೇ ಉಪ್ಪುಕಾಗದವಾಗಿ ಒಳಗೆ ಕೆಲಸ ಮಾಡುತ್ತದೆ.

ಸ್ಲೈಡನ್ನು ತೊಳೆದು ಅದರ ಜಾಗದಲ್ಲಿ ಇಳಿಸಿ ಬಿಸಿಲಿಗೆ ಹಿಡಿದು ನೋಡಿ. ಹೊಸದಾದರೆ ಅಂಚಿನಲ್ಲಿ ಬೆಳಕು ಕಾಣುವುದಿಲ್ಲ. ಸವೆದಿದ್ದರೆ ಬಿದಿಗೆ ಚಂದ್ರನಂಥ ತೆಳು ಗೆರೆ ಹೊಳೆಯುತ್ತದೆ. ಬೆರಳಿನಿಂದ ಅಲುಗಿಸಿದರೆ ಟಕಟಕ ಎನ್ನುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಆ ಗೆರೆಯಲ್ಲಿದೆ. ಗಾಡಿ ಓಡುವಾಗ ಗಂಟಲು ಅಗಲವಾಗಿ ತೆರೆದಿರುತ್ತದೆ, ಬದಿಯಿಂದ ನುಸುಳುವ ಗಾಳಿ ಲೆಕ್ಕಕ್ಕಿಲ್ಲ. ಎಕ್ಸಲೇಟರ್ ಬಿಟ್ಟಾಗ ಸ್ಲೈಡಿನ ಕೆಳಗೆ ಉಳಿಯುವುದು ಕೂದಲೆಳೆಗಳಷ್ಟು ಸಂದು. ಆಗ ಕಳ್ಳಗಾಳಿ ನಿಜವಾದ ಗಾಳಿಗೆ ಪೈಪೋಟಿ ಕೊಡುತ್ತದೆ. ಮಿಶ್ರಣ ತೆಳುವಾಗಿ, ಕಿಡಿ ಬಿದ್ದರೂ ಒಮ್ಮೆ ಹೊತ್ತುತ್ತದೆ, ಒಮ್ಮೆ ಇಲ್ಲ. ಬುಲೆಟ್ ಕೆಮ್ಮುವುದು ಅದಕ್ಕೇ.

ಸವಕಳಿಯ ಇನ್ನೊಂದು ಜಾಗ ಪೆಟ್ರೋಲು ಅಳೆಯುವ ಹಿತ್ತಾಳೆಯ ಜೆಟ್. ಸ್ಲೈಡಿಗೆ ತೂಗುಬಿದ್ದ ಚೂಪು ನೀಡಲ್ ಅದರೊಳಗೆ ಆಡುತ್ತದೆ. ಇವೆರಡರ ನಡುವಿನ ಬಳೆಯಂಥ ಸಂದಿನಲ್ಲೇ ಪೆಟ್ರೋಲು ಏರಬೇಕು. ತೂತು 2.70 ಮಿ.ಮೀ., ಆ ಮಟ್ಟದಲ್ಲಿ ನೀಡಲ್ 2.50 ಮಿ.ಮೀ. ಎಂದಿಟ್ಟುಕೊಳ್ಳಿ. ಸಂದಿನ ವಿಸ್ತೀರ್ಣ ಸುಮಾರು 0.82 ಚದರ ಮಿ.ಮೀ. ತೂತು ಉಜ್ಜಿ ಉಜ್ಜಿ 0.05 ಮಿ.ಮೀ. ಹಿಗ್ಗಿದರೆ ಅದು 1.03 ಆಗುತ್ತದೆ. ತಲೆಗೂದಲಿಗಿಂತ ತೆಳುವಾದ ಸವಕಳಿಗೆ ಪೆಟ್ರೋಲಿನ ದಾರಿ ನಾಲ್ಕನೇ ಒಂದು ಪಾಲು ಅಗಲ! ಪ್ಲಗ್ಗು ಮಸಿಹಿಡಿಯುತ್ತದೆ, ಆವರೇಜ್ ಬೀಳುತ್ತದೆ. ಹೀಗೆ ಒಂದೇ ಗಾಡಿ ನಿಂತಾಗ ಪೆಟ್ರೋಲು ಸಾಲದೆ, ಓಡುವಾಗ ಪೆಟ್ರೋಲು ಹೆಚ್ಚಾಗಿ ನರಳುತ್ತದೆ. ತೊಳೆದರೆ ಕಟ್ಟಿದ ತೂತು ಬಿಡುತ್ತದೆ, ಹಿಗ್ಗಿದ ತೂತು ಕುಗ್ಗುವುದಿಲ್ಲ.

ಬದಲಿಸುವಾಗ ದಾರಿ ಎರಡು. ಹಳೆಯ ಅಮಲ್ ಮೇಲೆ ಪ್ರೀತಿಯಿದ್ದರೆ ಅದೇ ಮಾದರಿಯವು ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತವೆ. ಗಡಸು ಆಕ್ಸೈಡ್ ಪದರ ಕಟ್ಟಿಸಿದ ಅಲ್ಯೂಮಿನಿಯಂ ಸ್ಲೈಡೂ ಸಿಗುತ್ತದೆ. ಆ ಪದರ ಸತುವಿಗಿಂತ ಬಹಳ ಗಡಸು, ಲೋಹಕ್ಕೆ ಲೋಹ ಅಂಟುವ ಕಾಟವೂ ತಪ್ಪುತ್ತದೆ. ಇಲ್ಲವೇ ಮಿಕುನಿ ಮಾದರಿಯದನ್ನು ಹಾಕಿಸಬಹುದು. ಒಂದರ ಜೆಟ್ ನಂಬರನ್ನು ಇನ್ನೊಂದಕ್ಕೆ ಹಾಗೇ ಹೊಂದಿಸಬಾರದು, ಕಂಪನಿಗೊಂದು ಲೆಕ್ಕವಿರುತ್ತದೆ. ಎಂಜಿನ್ನಿಗೆ ಕೂಡಿಸುವ ಚಪ್ಪಟೆ ಮುಖವನ್ನೂ ನೋಡಬೇಕು. ಬೋಲ್ಟುಗಳನ್ನು ಅತಿಯಾಗಿ ಬಿಗಿದು ಅದು ಬಿಲ್ಲಿನಂತೆ ಬಾಗಿದ್ದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಬಲ್ಲ ಮೇಸ್ತ್ರಿ ಗಾಜಿನ ಮೇಲೆ ನುಣುಪಾದ ಉಪ್ಪುಕಾಗದ ಹಾಸಿ ಅದನ್ನು ಉಜ್ಜಿ ಸಮ ಮಾಡುತ್ತಾನೆ.

ಪೆಟ್ರೋಲೂ ಬದಲಾಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಎಥೆನಾಲ್ ಬರುವ ಕಬ್ಬು ನಮ್ಮ ಮುಧೋಳ, ಜಮಖಂಡಿ ಹೊಲಗಳಲ್ಲೂ ಬೆಳೆಯುತ್ತದೆ. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ 9 ಪಾಲು ಗಾಳಿ ಸಾಕು. ಹಳೆಯ ಜೆಟ್ಟಿನ ಅಳತೆಗೆ ಈ ಮಿಶ್ರಣ ತುಸು ತೆಳುವಾಗುತ್ತದೆ. ಕೆಲವೊಮ್ಮೆ ಒಂದು ನಂಬರ್ ದೊಡ್ಡ ಜೆಟ್ ಬೇಕಾದೀತು. ಎಥೆನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಬಟ್ಟಲಿನಲ್ಲಿ ಸತು ಬಿಳಿ ಪುಡಿಯಾಗಿ ಕಟ್ಟುವುದುಂಟು. ಗಾಡಿ ನಿಲ್ಲಿಸಿಡುವ ಮೊದಲು ಪೆಟ್ರೋಲಿನ ನಲ್ಲಿ ಬಂದ್ ಮಾಡಿ ಬಟ್ಟಲು ಖಾಲಿ ಮಾಡುವುದು ಒಳ್ಳೆಯದು.

ಹೊಸ ಕಾರ್ಬುರೇಟರ್ ಕೂಡಿಸಿ ಎಂಜಿನ್ ಕಾದ ಮೇಲೆ ಮೇಸ್ತ್ರಿ ಗಾಳಿಯ ಸ್ಕ್ರೂ ಹಿಡಿದು ಕೂರುತ್ತಾನೆ. ಕಾಲು ಸುತ್ತು ಒಳಗೆ, ಸದ್ದು ಭಾರ. ಅರ್ಧ ಸುತ್ತು ಹೊರಗೆ, ಸದ್ದು ತಡವರಿಕೆ. ನಡುವೆ ಎಲ್ಲೋ ಒಂದು ಕಡೆ ಒಂದೊಂದೇ ಪೆಟ್ಟು ಎಣಿಸುವಷ್ಟು ಬಿಡಿಬಿಡಿಯಾಗಿ, ಸಮನಾಗಿ ಕೇಳತೊಡಗುತ್ತದೆ. ಅಲ್ಲಿಗೆ ಬಿಟ್ಟು ಎದ್ದು ಕೈ ಒರೆಸಿಕೊಳ್ಳುತ್ತ ಅವನು ಕೇಳುವ ಮೊದಲ ಪ್ರಶ್ನೆ: "ಫಿಲ್ಟರ್ ಹೊಸಾದು ತಂದೀರಿಲ್ರಿ?"