ಬೋಟಿನ ಇಂಜಿನಿಗೆ ನೀರು ಹೊಕ್ಕ ದಾರಿ ಯಾವುದು?

ಕೇರಳದ ಕಡಲಿನಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲ್ ಬೋಟುಗಳಿಗೆ ನಿಷೇಧ. ಮಳೆಗಾಲವಿಡೀ ಕಟ್ಟಿಹಾಕಿದ ಬೋಟು ಮತ್ತೆ ಹೊರಡುವ ದಿನ, ಸೆಲ್ಫ್ ಒತ್ತಿದೊಡನೆ ಇಂಜಿನು 'ಟಕ್' ಎಂದು ನಿಂತುಬಿಡುವುದುಂಟು. ಬ್ಯಾಟರಿ ಸೋತಿತೆಂದು ತಿಳಿದು ಮತ್ತೆ ಮತ್ತೆ ಒತ್ತುವವರೇ ಹೆಚ್ಚು. ಬೋಟು ನಡೆಸುವವನನ್ನು ಮಂಗಳೂರಿನ ಧಕ್ಕೆಯಲ್ಲಿ ತಂಡೇಲನೆನ್ನಲಿ, ನಮ್ಮಲ್ಲಿ ಸ್ರಾಂಕ್ ಎನ್ನಲಿ, ಆ ಕ್ಷಣದಲ್ಲಿ ಅವನು ಕೈ ತಡೆಯಬೇಕು. ಸಿಲಿಂಡರಿನೊಳಗೆ ನೀರು ಇದ್ದಿರಬಹುದು.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಒಂದು ಲೀಟರ್ ಜಾಗವನ್ನು ಏರಿಳಿಯುವ, 17ಕ್ಕೆ 1ರಂತೆ ಗಾಳಿಯನ್ನು ಒತ್ತುವ ಡೀಸೆಲ್ ಇಂಜಿನಿನಲ್ಲಿ ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗ ಬರೇ 62 ಮಿಲಿಲೀಟರ್. ಅರ್ಧ ಗ್ಲಾಸು ಚಹಾದಷ್ಟೂ ಇಲ್ಲ! ಅದಕ್ಕಿಂತ ಹೆಚ್ಚು ನೀರಿದ್ದು, ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಣ್ಣ ರಿಪೇರಿ ದೊಡ್ಡ ಸಾಲವಾಗುವುದು ಹೀಗೆ.

ಎಲ್ಲ ನೋಜಲುಗಳನ್ನು ಕಳಚಿ, ಮುಖವನ್ನು ದೂರವಿಟ್ಟು, ಇಂಜಿನನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ನೀರು ಯಾವ ಸಿಲಿಂಡರಿನಿಂದ ಬಂತೆಂಬುದನ್ನು ಬರೆದಿಡಬೇಕು. ಒರೆಸಿ ಎಸೆಯುವ ಮೊದಲು ಅದನ್ನು ಒಂದು ಬಾಟಲಿಯಲ್ಲಿ ಹಿಡಿಯಬೇಕು, ಏಕೆಂದರೆ ಮುಖ್ಯ ಸಾಕ್ಷಿ ಅದೇ.

ಅನೇಕ ಇಂಜಿನುಗಳಲ್ಲಿ ಒಳಗೆ ಸುತ್ತುವುದು ಸಿಹಿನೀರು. ಅದನ್ನು ತಣಿಸಲು ಹೊರಗಿನಿಂದ ಬರುವುದು ಕಡಲ ನೀರು. ಸಿಲಿಂಡರಿಗೆ ಹೊಕ್ಕದ್ದು ಇವೆರಡರಲ್ಲಿ ಯಾವುದು? ನಾಲಿಗೆಗೆ ಮುಟ್ಟಿಸಿ ನೋಡುವುದು ಬೇಡ, ಕೂಲೆಂಟ್ ವಿಷ. ಬಾಟಲಿಯನ್ನು ಅಲುಗಿಸದೆ ಇಟ್ಟರೆ ಡೀಸೆಲ್ ಮೇಲೆ ತೇಲುತ್ತದೆ. ಅಡಿಯ ನೀರು ಒಂದು ಚಮಚ ತೆಗೆದು, ಬೋಟಿನಿಂದ ದೂರದಲ್ಲಿ ಕಾಯಿಸಿ ಇಂಗಿಸಿ ನೋಡಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಬಿಳಿಯ ಪದರ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ಶಾಲೆಯ ಪ್ರಯೋಗಶಾಲೆಯ ಸಿಲ್ವರ್ ನೈಟ್ರೇಟ್ ಕೂಡ ಉಪ್ಪನ್ನು ತೋರಿಸಿಕೊಡುತ್ತದೆ; ಆದರೆ ಬಾವಿನೀರಿಗೂ ಅದು ತುಸು ಬೆಳ್ಳಗಾಗುವುದರಿಂದ ಚಮಚದ ಪರೀಕ್ಷೆಯೇ ನಮಗೆ ಮೇಲೆಂದು ತೋರುತ್ತದೆ.

ಉಪ್ಪುನೀರಾದರೆ ಹೆಡ್ ಬಿಚ್ಚಲು ಅವಸರ ಬೇಡ. ಹೊಗೆಕೊಳವೆಗೆ ಕಡಲ ನೀರು ಬೆರೆಸಿ ತಣಿಸುವ ಬೋಟುಗಳಲ್ಲಿ ಮೊದಲ ಸಂಶಯ ಆ ಕೊಳವೆಯ ಮೇಲೆ. ಇಂಜಿನಿನ ಬಳಿಯ ಬಾಗು ತುಕ್ಕು ಹಿಡಿದು ಒಳಗೊಳಗೇ ತೂತಾಗಿರಬಹುದು. ಇಂಜಿನು ನೀರಿನ ಮಟ್ಟಕ್ಕಿಂತ ಕೆಳಗಿದ್ದು, ಗಾಳಿ ಬಿಡುವ ವಾಲ್ವು ಉಪ್ಪುಗಟ್ಟಿ ಮುಚ್ಚಿದ್ದರೆ, ಬೋಟು ಸುಮ್ಮನೆ ನಿಂತಿದ್ದಾಗಲೇ ನೀರು ತಾನಾಗಿ ಎಳೆದು ಬರುತ್ತದೆ. ಹಲವರು ಗಮನಿಸದ ಇನ್ನೊಂದು ದಾರಿಯೂ ಇದೆ. ಸೆಲ್ಫ್ ಒತ್ತಿದಷ್ಟು ಹೊತ್ತೂ ನೀರಿನ ಪಂಪು ತಿರುಗುತ್ತದೆ. ಆ ನೀರನ್ನು ಹೊರಗೆ ದೂಡುವುದು ಹೊಗೆಯ ರಭಸ. ಇಂಜಿನು ಹೊತ್ತಿಕೊಳ್ಳದಿದ್ದರೆ ಸೈಲೆನ್ಸರ್ ತುಂಬಿ, ಆಗ ತೆರೆದಿರುವ ವಾಲ್ವಿನ ಮೂಲಕ ನೀರು ಹಿಂದಕ್ಕೆ ನುಗ್ಗುತ್ತದೆ. ಇಲ್ಲಿ ಇಂಜಿನಿನ ತಪ್ಪು ಏನೂ ಇಲ್ಲ.

ಸಿಹಿನೀರಾದರೆ ಗ್ಯಾಸ್ಕೆಟ್, ಬಿರಿದ ಹೆಡ್ ಅಥವಾ ಲೈನರಿನ ತೂತು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ನೀರಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಸಂಶಯ. ನೀರಿನ ಟ್ಯಾಂಕಿಗೆ, ಅದರ ಮುಚ್ಚಳದಲ್ಲಿ ನಮೂದಿಸಿದ ಒತ್ತಡದಷ್ಟೇ ಗಾಳಿ ಕೊಟ್ಟು ಬಿಟ್ಟರೆ, ಮುಳ್ಳು ಇಳಿಯುವಾಗ ಯಾವ ಸಿಲಿಂಡರಿನಲ್ಲಿ ನೀರು ಒಸರುತ್ತದೆಂದು ಕಾಣಬಹುದು. ಆಯಿಲ್ ಹಾಲು ಬೆರೆಸಿದ ಚಹಾದಂತಾದರೆ ಅದೊಂದನ್ನೇ ನಂಬಬಾರದು. ಆಯಿಲ್ ಕೂಲರ್ ಸೋರಿದರೂ ಹಾಗಾಗುತ್ತದೆ. ನೇರವಾಗಿ ಕಡಲ ನೀರಿನಿಂದಲೇ ತಣಿಯುವ ಇಂಜಿನಾದರೆ ಚಮಚದ ಪರೀಕ್ಷೆ ನಿಷ್ಪ್ರಯೋಜಕ. ಹೊಗೆಕೊಳವೆಯ ಬಾಗನ್ನು ಕಳಚಿಯೇ ನೋಡಬೇಕು.

ಕಾರಣ ಸಿಕ್ಕುವವರೆಗೆ ಇಂಜಿನನ್ನು ಹಾಗೆಯೇ ಬಿಡಬಾರದು. ಉಪ್ಪುನೀರು ತಾಗಿದ ರಿಂಗುಗಳು ಬೇಗನೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಅಂದೇ ಸಿಲಿಂಡರುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು ಕೈಯಿಂದ ತಿರುಗಿಸಿ, ಹಳೆಯ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಮುಂದೆ ಹೊತ್ತಿಕೊಳ್ಳಲು ಹಠ ಹಿಡಿಯುವ ಇಂಜಿನಿಗೆ ಸೆಲ್ಫ್ ಒತ್ತುವಾಗ ಕಡಲ ನೀರಿನ ವಾಲ್ವನ್ನು ಮುಚ್ಚಿಡಬೇಕು. ಹೊತ್ತಿಕೊಂಡ ಕೂಡಲೇ ತೆರೆಯಬೇಕು. ಮರೆತರೆ ಪಂಪಿನೊಳಗಿನ ರಬ್ಬರು ಚಕ್ರ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.