ನೀವೂ ತಿದ್ದಬಹುದಾದ ವಿಶ್ವಕೋಶ

ಅಂತರಜಾಲದ ಲೇಖನವೊಂದರಲ್ಲಿ ತಪ್ಪು ಕಂಡರೆ ಏನು ಮಾಡುತ್ತೀರಿ? ವಿಕಿಪೀಡಿಯದಲ್ಲಾದರೆ ಅದನ್ನು ನೀವೇ ತಿದ್ದಬಹುದು. 2001ರಲ್ಲಿ ಇಂಗ್ಲಿಷಿನಲ್ಲಿ ಆರಂಭವಾದ ಈ ವಿಶ್ವಕೋಶದ ಕನ್ನಡ ಆವೃತ್ತಿ 2003ರಲ್ಲಿ ಮೊದಲಾಯಿತು. ಬರೆಯುವವರಲ್ಲಿ ಬಹುಪಾಲು ಜನ ಸಂಭಾವನೆ ಬಯಸದ ಸ್ವಯಂಸೇವಕರು.

ಯಾರು ಬೇಕಾದರೂ ತಿದ್ದಬಹುದಾದರೆ ಅದನ್ನು ನಂಬುವುದು ಹೇಗೆ? ಯಾವ ಬದಲಾವಣೆ ಯಾವಾಗ ಆಯಿತೆಂಬುದು ಪ್ರತಿ ಪುಟದ ‘ಇತಿಹಾಸ’ದಲ್ಲಿ ದಾಖಲಾಗುತ್ತದೆ. ಹಾಳಾದ ಪುಟವನ್ನು ಹಿಂದಿನ ಸ್ಥಿತಿಗೆ ತರಬಹುದು. ಭಿನ್ನಾಭಿಪ್ರಾಯಕ್ಕೆ ಚರ್ಚಾಪುಟವಿದೆ. ಹೇಳಿಕೆಗೆ ಆಧಾರ ಬರೆದವರ ಪಾಂಡಿತ್ಯವಲ್ಲ, ಈಗಾಗಲೇ ಪ್ರಕಟವಾಗಿರುವ ನಂಬಲರ್ಹ ಮೂಲ. ಆದರೆ ಈ ವ್ಯವಸ್ಥೆ ಫಲ ಕೊಡುವುದು ಗಮನಿಸುವ ಕಣ್ಣುಗಳಿದ್ದಾಗ ಮಾತ್ರ. ಕನ್ನಡದಲ್ಲಿ ಸಂಪಾದಕರು ಕಡಿಮೆ. ಹೀಗಾಗಿ ತಪ್ಪೊಂದು ಬಹುಕಾಲ ಉಳಿದು ವಿದ್ಯಾರ್ಥಿಗಳ ಟಿಪ್ಪಣಿಯನ್ನೂ ಸೇರಬಹುದು.

‘ಸಂಪಾದನೋತ್ಸವ’ಗಳು ನೆರವಾಗುವುದು ಇಲ್ಲಿಯೇ. ಒಂದು ವಿಷಯವನ್ನು ಆಯ್ದುಕೊಂಡು, ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಕಲೆತು, ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಾರೆ. ಪಳಗಿದವರು ಹೊಸಬರಿಗೆ ಕಲಿಸುತ್ತಾರೆ. ಸ್ವಯಂಸೇವಕರ ಪಟ್ಟು ಬಿಡದ ದುಡಿಮೆಗೆ ತುಳು ವಿಕಿಪೀಡಿಯ ಉದಾಹರಣೆ: 2008ರಿಂದ ಪ್ರಾಯೋಗಿಕ ಹಂತದಲ್ಲಿದ್ದ ಅದು 2016ರಲ್ಲಿ ಸ್ವತಂತ್ರ ಆವೃತ್ತಿಯಾಯಿತು.

ಒಂದೇ ದಿನ ಹತ್ತು ಲೇಖನ ಸೇರಿಸಿದರೆ ಸಾಲದು. ಮುಂದೆಯೂ ಅವನ್ನು ನೋಡಿಕೊಳ್ಳಬೇಕು. ನೀವು ಬಲ್ಲ ವಿಷಯದ ಪುಟವೊಂದನ್ನು ಇಂದೇ ತೆರೆಯಿರಿ. ಆಧಾರವಿಲ್ಲದ ಒಂದು ವಾಕ್ಯಕ್ಕೆ ಆಧಾರ ಒದಗಿಸಿ. ಆರಂಭಕ್ಕೆ ಅಷ್ಟು ಸಾಕು.