ಹಾಲು ಒಗ್ಗದ ಹುಡುಗನಿಗೆ ಶೇಂಗಾ ಹಾಲಿನ ಕೇಕು

ನಮ್ಮದು ಮುಂಡರಗಿ ತಾಲೂಕಿನಲ್ಲಿ ಮಳೆ ನಂಬಿದ ಒಕ್ಕಲುತನ. ಮುಂಗಾರಿಗೆ ಶೇಂಗಾ, ಹಿಂಗಾರಿಗೆ ಬಿಳಿಜೋಳ. ಮಗ ಧಾರವಾಡದಲ್ಲಿ ಡಿಗ್ರಿ ಓದುತ್ತಿದ್ದಾನೆ. ನಾಲ್ಕು ಜನ ಹುಡುಗರು ಸೇರಿ ಒಂದು ಖೋಲಿ ಹಿಡಿದು, ಕೈಯಾರೆ ಅಡಿಗೆ ಮಾಡಿಕೊಂಡು ಇದ್ದಾರೆ.

ಹೋದ ವರ್ಷ ನಮ್ಮ ಎಮ್ಮೆ ಈದಾಗ ಡಬ್ಬಿ ತುಂಬ ಗಿಣ್ಣ ತಗೊಂಡು ಖೋಲಿಗೆ ಹೋದೆ. ಮೂವರು ಹುಡುಗರು ಬೆರಳು ನೆಕ್ಕಿಕೊಂಡು ತಿಂದರು. ರಾಯಚೂರು ಕಡೆಯ ಹುಡುಗ ಮಾತ್ರ "ಒಲ್ಲೆರಿ ಕಾಕಾ" ಅಂದ. ಮನೆಯಿಂದ ತಂದಿದ್ದನ್ನು ಒಲ್ಲೆ ಅಂದನಲ್ಲ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಮಗ ಹೊರಗೆ ಕರೆದು ಹೇಳಿದ: "ಅಪ್ಪಾ, ಅವಂಗ ಹಾಲು ಆಗಿಬರಂಗಿಲ್ಲ. ಒಂದು ಕಪ್ ಚಾ ಕುಡಿದರೂ ಹೊಟ್ಟಿ ಉಬ್ಬತೈತಿ."

ಗೋಡೆಗೆ ತೂಗು ಹಾಕಿದ್ದ ಖರ್ಚಿನ ವಹಿ ತೆಗೆದು ನೋಡಿದೆ. ತಿಂಗಳ ಹಾಲಿನ ಲೆಕ್ಕ ನಾಲ್ಕು ಪಾಲು ಮಾಡಿದ್ದರು. ಕುಡಿಯದ ಹಾಲಿಗೆ ಆ ಹುಡುಗ ಎಂಟು ತಿಂಗಳಿಂದ ರೊಕ್ಕ ಕೊಡುತ್ತಿದ್ದ. "ಯಾಕಪಾ ಹಿಂಗ?" ಎಂದು ಕೇಳಿದರೆ, "ನಂದೊಬ್ಬಂದು ಬ್ಯಾರೆ ಲೆಕ್ಕ ಅಂದ್ರ ಚಲೋ ಅನಸಂಗಿಲ್ರಿ ಕಾಕಾ" ಎಂದು ತಲೆ ತಗ್ಗಿಸಿದ. ಯಾರದಾದರೂ ಹುಟ್ಟಿದ ದಿನ ಬೇಕರಿ ಕೇಕು ತಂದರೆ ಅವನು ಚಪ್ಪಾಳೆ ಬಡಿದು ಸುಮ್ಮನೆ ಕೂಡುತ್ತಾನಂತೆ. ಪೇಡೆಯ ಊರಿನಲ್ಲಿ ಇದ್ದೂ ಪೇಡೆ ತಿನ್ನದ ಹುಡುಗ. ಅವನ ಸಲುವಾಗಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥವರು ನಿಮ್ಮ ಮನೆಯಲ್ಲೂ ಇರಬಹುದು.

ಹಾಲು ಯಾಕೆ ಒಗ್ಗುವುದಿಲ್ಲ?

ನಮ್ಮ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕೂಸಿದ್ದಾಗ ಇದು ಬಹುತೇಕ ಎಲ್ಲರಲ್ಲೂ ಸಾಕಷ್ಟು ಇರುತ್ತದೆ. ದೊಡ್ಡವರಾಗುತ್ತ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಸಿಕ್ಕು ಹುಳಿಯುತ್ತದೆ. ಅದರಿಂದ ಗ್ಯಾಸು, ಹೊಟ್ಟೆನೋವು, ಭೇದಿ. ಇದು ಸೊಕ್ಕಲ್ಲ, ಹಟವಲ್ಲ. ಇಂಥವರಲ್ಲಿ ಹಲವರಿಗೆ ಸ್ವಲ್ಪ ಮೊಸರು, ತುಪ್ಪ ನಡೆಯುತ್ತದೆ. ಮೊಸರಾಗುವಾಗ ಸ್ವಲ್ಪ ಸಕ್ಕರೆ ಹುಳಿಯಾಗಿ ಹೋಗಿರುತ್ತದೆ. ತುಪ್ಪದಲ್ಲಿ ಇರುವುದು ಬರೇ ಜಿಡ್ಡು.

ಹಾಲಿನ ಅಲರ್ಜಿ ಎಂಬುದು ಬೇರೆ. ಅದು ಹಾಲಿನ ಪ್ರೋಟೀನಿಗೆ ಮೈ ತಿರುಗಿ ಬೀಳುವುದು. ಮೈ ದದ್ದು ಏಳಬಹುದು, ಉಸಿರು ಕಟ್ಟಬಹುದು. ಅಂಥವರು ಒಂದು ಹನಿಯನ್ನೂ ಮುಟ್ಟಬಾರದು. ಎರಡರಲ್ಲಿ ಯಾವುದು ಎಂದು ಡಾಕ್ಟರೇ ಹೇಳಬೇಕು.

ಬೇಕರಿಯ ಬ್ರೆಡ್ಡು, ಬಿಸ್ಕೀಟು, ಕೇಕಿನಲ್ಲಿ ಹಾಲಿನ ಪುಡಿಯೋ ಬೆಣ್ಣೆಯೋ ಬಹಳ ಸಲ ಇರುತ್ತದೆ. ಪಾಕೀಟಿನ ಮೇಲೆ ಬರೆದದ್ದನ್ನು ಓದಿ ಕೊಳ್ಳಬೇಕು.

ಮೂರು ಸಲ ಮಾಡಿ ಕಲಿತದ್ದು

ಹಾಲಿಲ್ಲದೆ ಬೇಯಿಸುವುದು ನಮಗೆ ಹೊಸದಲ್ಲ. ಖಡಕ್ ರೊಟ್ಟಿಗೆ ಬೇಕಾದದ್ದು ಹಿಟ್ಟು, ನೀರು, ಬೆಂಕಿ ಅಷ್ಟೇ. ನೀರಿನಂಶ ಪೂರಾ ಹೋಗುವಂತೆ ಒಣಗಿಸುವುದರಿಂದ ಬೂಸು ಹಿಡಿಯದೆ ತಿಂಗಳು ಇರುತ್ತದೆ. ಹುಡುಗರ ಬುತ್ತಿಗೆ ಅದೇ ಆಧಾರ. ಆದರೆ ಹುಟ್ಟಿದ ದಿನ ರೊಟ್ಟಿ ಕೊಯ್ಯಲು ಆಗುತ್ತದೆಯೇ? ಅದಕ್ಕೇ ನನ್ನ ಮನೆಯವಳು ಕೇಕಿಗೆ ಕೈ ಹಚ್ಚಿದಳು.

ಮೊದಲ ಸಲ ಬರೇ ಜೋಳದ ಹಿಟ್ಟು ಹಾಕಿದೆವು. ಚಾಕು ಹಚ್ಚಿದ ಕೂಡಲೇ ಪುಡಿಪುಡಿಯಾಯಿತು. ಗೋದಿ ಹಿಟ್ಟನ್ನು ನಾದಿದಾಗ ಬರುವ ಅಂಟು ಜೋಳದಲ್ಲಿ ಇಲ್ಲ. ಸೋಡಾದಿಂದ ಏಳುವ ಗಾಳಿಯನ್ನು ಹಿಡಿದಿಡುವುದು ಆ ಅಂಟೇ. ಎರಡನೇ ಸಲ ಗೋದಿ ಕೂಡಿಸಿದೆವು, ಬೇಗ ಉಬ್ಬಲಿ ಎಂದು ಸೋಡಾ ಹೆಚ್ಚು ಹಾಕಿದೆವು. ಸಬಕಾರ ನೆಕ್ಕಿದಂತಾಯಿತು. ಸೋಡಾ ಕೆಲಸ ಮಾಡಲು ಹುಳಿ ಬೇಕು. ಹುಳಿ ಸಾಲದಿದ್ದರೆ ಉಳಿದ ಸೋಡಾ ಕಹಿ ಬರುತ್ತದೆ. ಮೂರನೇ ಸಲ ಲಿಂಬಿ ರಸ ಕೂಡಿಸಿದೆವು, ಚಲೋ ಬಂತು.

ಬೇಕಾಗುವುದು (200 ಮಿಲಿ ಲೋಟದ ಅಳತೆ)

ಗೋದಿ ಹಿಟ್ಟು 1 ಲೋಟ, ಜೋಳದ ಹಿಟ್ಟು ಅರ್ಧ ಲೋಟ, ಬೆಲ್ಲದ ಪುಡಿ ಮುಕ್ಕಾಲು ಲೋಟ, ಶೇಂಗಾ ಎಣ್ಣೆ ಲೋಟದ ಮೂರನೇ ಒಂದು ಪಾಲು, ಶೇಂಗಾ ಹಾಲು 1 ಲೋಟ, ಅಡಿಗೆ ಸೋಡಾ ಅರ್ಧ ಚಹಾ ಚಮಚ, ಅರ್ಧ ಲಿಂಬಿ ಹಣ್ಣಿನ ರಸ, ಚಿಟಿಕೆ ಉಪ್ಪು, ಯಾಲಕ್ಕಿ.

ಶೇಂಗಾ ಹಾಲು: ಅರ್ಧ ಲೋಟ ಶೇಂಗಾ ಬೀಜವನ್ನು ರಾತ್ರಿ ನೆನೆಸಿಡಿ. ಬೂಸು ಹಿಡಿದ, ಮುರುಟಿದ ಕಾಳು ಒಂದೂ ಇರಬಾರದು; ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಮುಂಜಾನೆ ಸಿಪ್ಪೆ ತೆಗೆದು, ಒಂದೂವರೆ ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ ಅರಿವೆಯಲ್ಲಿ ಸೋಸಿ. ಅದೇ ದಿನ ಬಳಸಬೇಕು, ಇಟ್ಟರೆ ಕೆಡುತ್ತದೆ. ಉಳಿದ ಚರಟವನ್ನು ಚೆಲ್ಲಬೇಡಿ, ಪಲ್ಯಕ್ಕೆ ಹಾಕಿ.

ಮಾಡುವುದು: ಹಳೆಯ ಕುಕ್ಕರಿನ ತಳಕ್ಕೆ ಒಂದೂವರೆ ಇಂಚು ತೊಳೆದು ಒಣಗಿಸಿದ ಉಸುಕು ಹಾಕಿ, ಮೇಲೊಂದು ಸಣ್ಣ ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರು ಮತ್ತು ಸೀಟಿ ಎರಡನ್ನೂ ತೆಗೆಯಲೇಬೇಕು. ಮುಚ್ಚಿ ಹತ್ತು ನಿಮಿಷ ಕಾಯಿಸಿ. ಅಷ್ಟರಲ್ಲಿ ಹಿಟ್ಟು, ಉಪ್ಪು, ಸೋಡಾ ಸಾಣಿಸಿ. ಬೆಲ್ಲವನ್ನು ಶೇಂಗಾ ಹಾಲಿನಲ್ಲಿ ಕರಗಿಸಿ ಸೋಸಿ, ಎಣ್ಣೆ, ಯಾಲಕ್ಕಿ ಕೂಡಿಸಿ ಹಿಟ್ಟಿಗೆ ಹಾಕಿ. ಲಿಂಬಿ ರಸ ಕಡೆಗೆ. ಗಂಟಿಲ್ಲದಂತೆ ಕಲಸಿದರೆ ಸಾಕು, ಬಹಳ ತಿರುವಿದರೆ ಗೋದಿಯ ಅಂಟು ಹೆಚ್ಚಾಗಿ ಕೇಕು ಗಟ್ಟಿಯಾಗುತ್ತದೆ. ರಸ ಬಿದ್ದ ಕೂಡಲೇ ಗಾಳಿ ಏಳುತ್ತದೆ, ತಡ ಮಾಡದೆ ಎಣ್ಣೆ ಸವರಿದ ಡಬ್ಬಿಗೆ ಅರ್ಧದ ಮೇಲೆ ಸ್ವಲ್ಪ ಬರುವಷ್ಟು ಸುರಿದು ಒಳಗಿಡಿ. ಸಣ್ಣ ಉರಿಯಲ್ಲಿ 40 ನಿಮಿಷ. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಬೇಡಿ, ಉಬ್ಬಿದ್ದು ಕುಸಿಯುತ್ತದೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಕಾದ ಉಸುಕಿಗೆ ನೀರು ತಾಗಿಸಬಾರದು. ಪೂರಾ ಆರಿದ ಮೇಲೆ ಕೊಯ್ಯಿರಿ.

ಎರಡು ಎಚ್ಚರಿಕೆ

ಶೇಂಗಾ ಅಲರ್ಜಿ ಇರುವವರೂ ಇದ್ದಾರೆ. ಎಲ್ಲರಿಗೂ ಹಂಚುವ ಮೊದಲು ಕೇಳಿಕೊಳ್ಳಿ. ಎರಡನೆಯದು, ಶೇಂಗಾ ಹಾಲು ಅಡಿಗೆಗೆ ಸರಿ, ಕೂಸುಗಳಿಗೆ ಹಾಲಿನ ಬದಲು ಕುಡಿಸುವುದಲ್ಲ. ಹಾಲು ಬಿಟ್ಟ ದೊಡ್ಡವರೂ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಬೇರೆ ಕಡೆಯಿಂದ ಪಡೆಯಬೇಕು. 100 ಗ್ರಾಂ ಆಕಳ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಎಳ್ಳು, ನುಗ್ಗೆ ಸೊಪ್ಪು ಕೂಡ ಒಳ್ಳೆಯವು.

ಈಗ ಖೋಲಿಯಲ್ಲಿ

ಹುಡುಗರಿಗೆ ಹಳೆ ಕುಕ್ಕರು, ಒಂದು ಚೀಲ ಉಸುಕು, ಶೇಂಗಾ, ಜೋಳದ ಹಿಟ್ಟು ಒಯ್ದು ಕೊಟ್ಟೆ. ಒಬ್ಬ ರುಬ್ಬುತ್ತಾನೆ, ಒಬ್ಬ ಕಲಸುತ್ತಾನೆ, ಒಬ್ಬ ಒಲೆ ಕಾಯುತ್ತಾನೆ, ಒಬ್ಬ ಭಾಂಡೆ ತಿಕ್ಕುತ್ತಾನೆ. ಮಾಘ ಮಾಸದಲ್ಲಿ ರಾಯಚೂರು ಹುಡುಗನ ಹುಟ್ಟಿದ ದಿನ ಬಂತು. ಮಗ ಫೋನ್ ಮಾಡಿ, "ಅಪ್ಪಾ, ಮೊದಲನೇ ತುಂಡು ಅವನ ತಿಂದ. ಎರಡನೇದೂ ಅವನ ತಿಂದ" ಎಂದ. ವಹಿಯಲ್ಲಿ ಹಾಲಿನ ಲೆಕ್ಕ ಈಗ ಮೂರೇ ಪಾಲು.

ನಾವು ಬೆಳೆದ ಶೇಂಗಾ, ಜೋಳವನ್ನು ಪೇಟೆಗೆ ಮಾರಿ, ಅದೇ ರೊಕ್ಕದಲ್ಲಿ ಮಕ್ಕಳಿಗೆ ಬಿಸ್ಕೀಟು ಪಾಕೀಟು ತರುತ್ತೇವೆ. ಒಂದು ಸಲ ಮನೆಯಲ್ಲೇ ಇದನ್ನು ಮಾಡಿ ನೋಡಿರಿ. ಯಾರಾದರೂ ಹಾಲು ಒಲ್ಲೆ ಅಂದರೆ, ನನ್ನಂತೆ ಸಿಟ್ಟಾಗುವ ಮೊದಲು ಯಾಕೆ ಎಂದು ಕೇಳಿರಿ.